ಕನ್ನಡಕಕ್ಕಿಂತ ಮೊದಲು ಅದರೊಳಗಿನ ಪಾಠ ಬರಲಿ

ಅಮೆರಿಕದಲ್ಲಿ ಹಳೆಯ ಸೊಂಟನೋವಿಗೆ ವೈದ್ಯರು ಈಗ ಮಾತ್ರೆ ಬರೆಯುವ ಚೀಟಿಯಲ್ಲೇ ಕಣ್ಣಿಗೆ ಕಟ್ಟಿಕೊಳ್ಳುವ ಯಂತ್ರವೊಂದನ್ನೂ ಬರೆದುಕೊಡಬಹುದು. ಅದರ ಹೆಸರು ರಿಲೀವ್‌ವಿಆರ್‌ಎಕ್ಸ್. ಅಪ್ಲೈಡ್‌ವಿಆರ್ ಎಂಬ ಕಂಪನಿಯ ಈ ವರ್ಚುವಲ್ ರಿಯಾಲಿಟಿ ಉಪಕರಣಕ್ಕೆ ಅಲ್ಲಿನ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ನವೆಂಬರ್‌ನಲ್ಲಿ ಅನುಮತಿ ಕೊಟ್ಟಿತು. ದಿನಕ್ಕೊಂದರಂತೆ 56 ಪಾಠಗಳು, ಒಟ್ಟು ಎಂಟು ವಾರ. ಒಂದೊಂದು ಪಾಠ 2ರಿಂದ 16 ನಿಮಿಷ. ರೋಗಿ ಮನೆಯಲ್ಲೇ ಕೂತು ಮಾಡಿಕೊಳ್ಳಬೇಕು.

ನಾನು ದಾವಣಗೆರೆಯಲ್ಲಿ ಫಿಸಿಯೋಥೆರಪಿಸ್ಟ್. ಬೆಳಿಗ್ಗೆ ನನ್ನ ಬೆಂಚಿನ ಮೇಲೆ ಕಾಯುವವರು ಎಪಿಎಂಸಿ ಯಾರ್ಡಿನ ಹಮಾಲರು, ಮಂಡಕ್ಕಿ ಭಟ್ಟಿಯ ಹೆಂಗಸರು, ಭದ್ರಾ ನಾಲೆಯ ಕೆಳಗಿನ ಗದ್ದೆಗಳಲ್ಲಿ ನಾಟಿ ಮಾಡಿ ಬಂದವರು, ಕೆಎಸ್‌ಆರ್‌ಟಿಸಿ ಚಾಲಕರು, ಟೈಲರ್‌ಗಳು. ಸಂಜೆ ಬರುವವರು ಹೆಚ್ಚಾಗಿ ಲ್ಯಾಪ್‌ಟಾಪ್ ಮುಂದೆ ಕೂತು ಸೊಂಟ ಕೆಡಿಸಿಕೊಂಡ ಹುಡುಗರು. ಈಚೆಗೆ ಇವರಲ್ಲಿ ಯಾರಾದರೂ ಮೊಬೈಲಿನಲ್ಲಿ ಆ ಯಂತ್ರದ ವಿಡಿಯೊ ತೋರಿಸಿ, "ಮೇಡಂ, ಇದು ನಮ್ಮೂರಿಗೆ ಯಾವಾಗ ಬರುತ್ತೆ?" ಎಂದು ಕೇಳುತ್ತಾರೆ. ನನ್ನ ಉತ್ತರ ಇಷ್ಟೇ: ಯಂತ್ರ ತಡವಾಗಿ ಬಂದರೂ ನಡೆಯುತ್ತದೆ, ಅದರೊಳಗೆ ತುಂಬಿರುವ ಪಾಠ ನಾಳೆಯೇ ಬೇಕು. ಆ ಪಾಠಕ್ಕೆ ಯಂತ್ರ ಕಡ್ಡಾಯವೇನಲ್ಲ.

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಈ ವಿದ್ಯೆಯ ಬೇರು ಸಿಯಾಟಲ್‌ನ ಸುಟ್ಟಗಾಯದ ವಾರ್ಡಿನಲ್ಲಿದೆ. ಸುಟ್ಟಗಾಯದ ಡ್ರೆಸ್ಸಿಂಗ್ ಬದಲಿಸುವಾಗ ಆಗುವ ಯಾತನೆಯನ್ನು ಮಾರ್ಫಿನ್ ಕೂಡ ಪೂರ್ತಿ ತಗ್ಗಿಸುವುದಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ ತೊಂಬತ್ತರ ದಶಕದಲ್ಲಿ ಅಂಥ ರೋಗಿಗಳಿಗೆ ಹೆಡ್‌ಸೆಟ್ ಹಾಕಿಸಿ ಪ್ರಯೋಗ ಶುರುಮಾಡಿದರು. ಮುಂದೆ ಇದಕ್ಕೆಂದೇ ಸ್ನೋವರ್ಲ್ಡ್ ಎಂಬ ಹಿಮದ ಲೋಕ ಕಟ್ಟಿದರು. ನರ್ಸ್ ಗಾಯ ತೊಳೆಯುತ್ತಿದ್ದರೆ ರೋಗಿ ಪೆಂಗ್ವಿನ್‌ಗಳತ್ತ ಹಿಮದ ಉಂಡೆ ಎಸೆಯುತ್ತಿರುತ್ತಾನೆ. ಗಮನ ಆ ಕಡೆ ಹರಿದಷ್ಟೂ ನೋವಿನ ಪಾಲಿಗೆ ಉಳಿಯುವುದು ಕಡಿಮೆ. ಬೆನ್ನುಹುರಿಯ ಮಟ್ಟದಲ್ಲೇ ನೋವಿನ ಸಂದೇಶವನ್ನು ತಡೆಯುವ, ಬಿಡುವ ಬಾಗಿಲಿದೆ, ಮಿದುಳಿಗೂ ಅದರ ಮೇಲೆ ಹಿಡಿತವಿದೆ ಎಂದು ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ಹೇಳಿದ್ದರು.

ಸೊಂಟನೋವಿನ ಕಥೆ ಬೇರೆ. ಡ್ರೆಸ್ಸಿಂಗ್ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಮೂರು ತಿಂಗಳು ದಾಟಿದ ಸೊಂಟನೋವು ಮುಗಿಯುವುದಿಲ್ಲ. ಇಡೀ ದಿನ ಹಿಮದ ಉಂಡೆ ಎಸೆಯುತ್ತ ಕೂರಲಾದೀತೆ? ಅದಕ್ಕೇ ರಿಲೀವ್‌ವಿಆರ್‌ಎಕ್ಸ್ ಯಂತ್ರದಲ್ಲಿ ಆಟಕ್ಕಿಂತ ಕಲಿಕೆ ಹೆಚ್ಚು. ನೋವು ಹೇಗೆ ಹುಟ್ಟುತ್ತದೆ ಎಂಬ ವಿವರಣೆ, ಉಸಿರಿನ ಅಭ್ಯಾಸ, ಮೈ ಸಡಿಲಗೊಳಿಸುವುದು, ಗಮನ ತಿರುಗಿಸುವುದು, ನೋವು ಬಂದಾಗ ಮನಸ್ಸು ಓಡುವ ದಾರಿಯನ್ನು ಗುರುತಿಸುವುದು. ಮನಶ್ಶಾಸ್ತ್ರಜ್ಞರು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಅನ್ನುವುದನ್ನು ಚಿತ್ರ, ಸದ್ದುಗಳಲ್ಲಿ ಕಟ್ಟಿಕೊಟ್ಟಿದ್ದಾರೆ. ಹೆಡ್‌ಸೆಟ್ಟಿಗೆ ಸಿಕ್ಕಿಸಿದ ಸಣ್ಣ ಸಾಧನವೊಂದು ರೋಗಿಯ ಉಸಿರನ್ನು ಮೈಕಿನತ್ತ ಕಳಿಸುತ್ತದೆ. ಉಸಿರಾಟದ ಅಭ್ಯಾಸ ನಡೆಯುವುದು ಹಾಗೆ.

ಇಷ್ಟೆಲ್ಲ ಯಾಕೆ ಬೇಕು ಎಂದು ಕೇಳುವವರಿಗೆ ನನ್ನ ಹಮಾಲರೊಬ್ಬರ ಮಾತು ಹೇಳುತ್ತೇನೆ. ಐವತ್ತರ ಆಸುಪಾಸಿನ ಮನುಷ್ಯ. ಎಂಆರ್‌ಐ ಫಿಲ್ಮನ್ನು ಜವಳಿ ಅಂಗಡಿಯ ಕವರಿನಲ್ಲಿ ಜೋಪಾನವಾಗಿ ತಂದಿದ್ದರು. "ಡಿಸ್ಕ್ ಸವೆದೋಗೈತೆ ಅಂದಾರ್ರೀ ಮೇಡಂ. ಇನ್ನ ಚೀಲ ಹೊರಂಗಿಲ್ಲ, ಹೊರದಿದ್ರೆ ಉಣ್ಣಂಗಿಲ್ಲ." ಅವರು ಬಗ್ಗುವುದನ್ನೇ ಬಿಟ್ಟಿದ್ದರು. ಚಪ್ಪಲಿ ಹಾಕಲು ಮಗಳು ಬೇಕು. ಬಗ್ಗದ ಬೆನ್ನು ಬಿಗಿಯಾಗುತ್ತದೆ, ಬಿಗಿಯಾದ ಬೆನ್ನು ಇನ್ನಷ್ಟು ನೋಯುತ್ತದೆ, ನೋವು ಕಂಡು ಭಯ ಇನ್ನಷ್ಟು ಬಲಿಯುತ್ತದೆ.

ಆ ಫಿಲ್ಮಿನಲ್ಲಿ ಕಂಡದ್ದಾದರೂ ಏನು? ಸೊಂಟನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಕಲೆಹಾಕಿದ ವಿಮರ್ಶೆಯೊಂದು 2015ರಲ್ಲಿ ಪ್ರಕಟವಾಯಿತು. ಯಾವ ನೋವೂ ಇಲ್ಲದ ಇಪ್ಪತ್ತರ ಹರೆಯದವರಲ್ಲೇ ಶೇ 37 ಮಂದಿಗೆ ಡಿಸ್ಕ್ ಸವೆತವಿತ್ತು, ಐವತ್ತರ ಹೊತ್ತಿಗೆ ಶೇ 80 ಮಂದಿಗೆ. ತಲೆಕೂದಲು ನರೆತಂತೆ ಡಿಸ್ಕೂ ವಯಸ್ಸಿನೊಂದಿಗೆ ಬದಲಾಗುತ್ತದೆ ಎಂಬ ಒಂದು ವಾಕ್ಯವನ್ನು ಆ ಮನುಷ್ಯನಿಗೆ ಯಾರೂ ಹೇಳಿರಲಿಲ್ಲ. "ಗ್ಯಾಪ್ ಬಂದಿದೆ", "ನರ ಒತ್ತಿದೆ", "ಭಾರ ಎತ್ತಬೇಡ" ಎಂಬ ಮೂರು ಮಾತು ಕೇಳಿಸಿಕೊಂಡು ಅವರು ಮನೆಗೆ ಹೋಗಿದ್ದರು. ದೊಡ್ಡಾಸ್ಪತ್ರೆಯ ಒಪಿಡಿಯ ಸಾಲು ನೋಡಿದವರಿಗೆ ಗೊತ್ತು, ವೈದ್ಯರಿಗೆ ಇನ್ನೊಂದು ವಾಕ್ಯ ಹೇಳಲು ಬಿಡುವಿಲ್ಲ. ಯಂತ್ರದ ದೊಡ್ಡ ಗುಣವೂ ಇಲ್ಲೇ ಇರುವುದು. ಅದು ಹೇಳಿದ್ದನ್ನೇ 56 ದಿನ ಬೇಸರವಿಲ್ಲದೆ ಹೇಳುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಎಫ್‌ಡಿಎ ಮುಂದಿದ್ದ ಪ್ರಯೋಗದಲ್ಲಿ 179 ಮಂದಿ ಇದ್ದರು. ಅರ್ಧ ಜನರಿಗೆ ನಿಜವಾದ ಪಾಠ. ಇನ್ನರ್ಧ ಜನರಿಗೂ ಹೆಡ್‌ಸೆಟ್ ಕೊಟ್ಟಿದ್ದರು, ಆದರೆ ಒಳಗೆ ಓಡುತ್ತಿದ್ದದ್ದು ಪಾಠವಿಲ್ಲದ ಚಪ್ಪಟೆ ವಿಡಿಯೊ. ಎಂಟು ವಾರದ ಕೊನೆಗೆ ನೋವು ಶೇ 30ಕ್ಕಿಂತ ಹೆಚ್ಚು ಇಳಿಯಿತು ಎಂದವರು ಮೊದಲ ಗುಂಪಿನಲ್ಲಿ ಶೇ 66, ಎರಡನೆಯದರಲ್ಲಿ ಶೇ 41. ಅರ್ಧಕ್ಕಿಂತ ಹೆಚ್ಚು ಇಳಿಯಿತು ಎಂದವರು ಶೇ 46 ಮತ್ತು ಶೇ 26. ಗಂಭೀರ ಅಡ್ಡಪರಿಣಾಮ ಕಾಣಲಿಲ್ಲ. ಸುಮಾರು ಹತ್ತರಲ್ಲಿ ಒಬ್ಬರಿಗೆ ತಲೆಸುತ್ತು, ವಾಕರಿಕೆ ಬಂದಿತ್ತು, ಐವರಲ್ಲಿ ಒಬ್ಬರಿಗೆ ಹೆಡ್‌ಸೆಟ್ ಹಾಕಿಕೊಳ್ಳುವುದೇ ಹಿಂಸೆಯಾಗಿತ್ತು.

ಮಾರುವವರು ಮೊದಲ ಸಂಖ್ಯೆ ತೋರಿಸುತ್ತಾರೆ. ನನ್ನ ಕಣ್ಣು ನೆಟ್ಟಿರುವುದು ಆ ಶೇ 41ರ ಮೇಲೆ. ಪಾಠವೇ ಇಲ್ಲದ ವಿಡಿಯೊ ನೋಡಿದ ಹತ್ತರಲ್ಲಿ ನಾಲ್ವರಿಗೂ ನೋವು ಇಳಿದಿದೆ. ತಾನಾಗಿಯೇ ಏರಿಳಿಯುವುದು ಸೊಂಟನೋವಿನ ಸ್ವಭಾವ ಎಂಬುದು ಇದಕ್ಕೊಂದು ಕಾರಣ. ಇನ್ನೊಂದು, ದಿನಕ್ಕೆ ಕೆಲವು ನಿಮಿಷ ಸುಮ್ಮನೆ ಕೂತು, ತನ್ನ ನೋವನ್ನು ಯಾರೋ ಲಕ್ಷ್ಯಕ್ಕೆ ತೆಗೆದುಕೊಂಡಿದ್ದಾರೆ ಎಂದುಕೊಳ್ಳುವುದರಲ್ಲೇ ಒಂದಿಷ್ಟು ಮದ್ದಿದೆ. ಪಾಠದ ನಿಜವಾದ ಗಳಿಕೆ ಈ ಎರಡು ಗುಂಪುಗಳ ನಡುವಿನ 25 ಅಂಕ. ಸಣ್ಣದೇನಲ್ಲ, ಪವಾಡವೂ ಅಲ್ಲ.

ಇನ್ನೂ ಎರಡು ಸಂಗತಿ ಮರೆಯಬಾರದು. ಪ್ರಯೋಗಕ್ಕೆ ಹಣ ಹಾಕಿದ್ದು ಯಂತ್ರ ತಯಾರಿಸಿದ ಕಂಪನಿಯೇ. ಭಾಗವಹಿಸಿದವರಲ್ಲಿ ಮುಕ್ಕಾಲು ಪಾಲು ಮಹಿಳೆಯರು, ಹತ್ತರಲ್ಲಿ ಒಂಬತ್ತು ಮಂದಿ ಬಿಳಿಯರು, ಹೆಚ್ಚಿನವರು ಕಾಲೇಜು ಮೆಟ್ಟಿಲು ಹತ್ತಿದವರು. ಚೀಲ ಹೊರುವ ನನ್ನ ಹಮಾಲರಿಗೂ, ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ನಿಲ್ಲುವ ಹೆಂಗಸರಿಗೂ ಇದೇ ಫಲ ಸಿಗುತ್ತದೆ ಎಂದು ಆ ಪ್ರಯೋಗದ ಆಧಾರದ ಮೇಲೆ ಹೇಳಲು ಬರುವುದಿಲ್ಲ.

ಬೆಂಗಳೂರಿನ ಸಮ್ಮೇಳನವೊಂದರ ಮಳಿಗೆಯಲ್ಲಿ ಇದೇ ಬಗೆಯ ಬೇರೊಂದು ಹೆಡ್‌ಸೆಟ್ಟನ್ನು ನಾನು ಹಾಕಿಕೊಂಡು ನೋಡಿದ್ದೇನೆ. ತುರುಬಿಗೆ ಪಟ್ಟಿ ಸಿಕ್ಕಿಕೊಂಡಿತು, ಹಣೆ ಬೆವರಿತು. ಕಣ್ಣ ಮುಂದೆ ಪೈನ್ ಮರ, ಸರೋವರ. ಕಿವಿಯಲ್ಲಿ ಇಂಗ್ಲಿಷ್ ದನಿ ಉಸಿರು ಎಳೆಯಲು ಹೇಳುತ್ತಿತ್ತು. ನಿಜ ಹೇಳಬೇಕೆಂದರೆ ಹಿತವಾಗಿತ್ತು. "ಕನ್ನಡದಲ್ಲಿದೆಯಾ?" ಅಂದೆ. "ಮುಂದೆ ಬರುತ್ತೆ ಮೇಡಂ," ಅಂದ ಹುಡುಗ. ನೋವಿನ ಪಾಠ ಅರ್ಥವಾಗದ ಭಾಷೆಯಲ್ಲಿ ಬಂದರೆ ರೋಗಿಗೆ ಉಳಿಯುವುದು ಸರೋವರದ ಚಿತ್ರ ಮಾತ್ರ.

ಅದೇ ಪಾಠವನ್ನು ಆ ಹಮಾಲರಿಗೆ ನಾನು ಹೇಳಿದ್ದು ಹೀಗೆ: "ಅಣ್ಣಾ, ನಿಮ್ಮ ಮನೆ ನಾಯಿ ಒಂದ್ಸಲ ಕಳ್ಳನ್ನ ಕಂಡು ಬೊಗಳಿದ್ದು ಸರಿ. ಕಳ್ಳ ಹೋಗಿ ವರ್ಷ ಆದ್ರೂ ಎಲೆ ಬಿದ್ರೆ ಬೊಗಳ್ತಿದ್ರೆ? ನಾಯಿನ ಹೊಡೆದು ಓಡಿಸ್ತೀರೋ, ಕಳ್ಳ ಇಲ್ಲ ಅಂತ ಅದಕ್ಕೆ ರೂಢಿ ಮಾಡಿಸ್ತೀರೋ?" ಅವರು ನಕ್ಕರು. ಅವತ್ತು ಕುರ್ಚಿಯಲ್ಲಿ ಕೂತು ಮೊಣಕಾಲಿನವರೆಗೆ ಬಗ್ಗಿದರು. ಕೆಲವು ವಾರಗಳಲ್ಲಿ ಚಪ್ಪಲಿ ತಾವೇ ಹಾಕಿಕೊಂಡರು. ನೋವು ಪೂರ್ತಿ ಹೋಗಿಲ್ಲ, ಭಯ ಹೋಗಿದೆ.

ಇಲ್ಲಿ ಒಂದು ಆಕ್ಷೇಪ ಬರಬೇಕು, ಬರುವುದು ನ್ಯಾಯವೂ ಹೌದು. ದುಡಿದು ಸೊಂಟ ಮುರಿದವನಿಗೆ "ನೋವು ನಿನ್ನ ತಲೆಯಲ್ಲಿದೆ" ಎಂದು ಹೇಳಿ ಕಳಿಸುವ ಹುನ್ನಾರವೇ ಇದು? ಖಂಡಿತ ಅಲ್ಲ. ನೋವು ನಿಜ. ಅದನ್ನು ಮಿದುಳು ಹೆಚ್ಚಿಸುತ್ತದೆ, ತಗ್ಗಿಸುತ್ತದೆ ಎಂಬುದೂ ಅಷ್ಟೇ ನಿಜ. ಆದರೆ ಉಸಿರಿನ ಪಾಠ ಚೀಲದ ತೂಕ ಇಳಿಸುವುದಿಲ್ಲ. ಒಬ್ಬ ಗಂಡಾಳು ಕೈಯಿಂದ ಎತ್ತುವ ಭಾರ 55 ಕೆ.ಜಿ. ಮೀರಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಶಿಫಾರಸು ಮಾಡಿದ್ದು 1967ರಲ್ಲಿ. ಅದಕ್ಕಿಂತ ಭಾರದ ಭತ್ತದ ಚೀಲಗಳು ಇಂದಿಗೂ ನಮ್ಮವರ ಬೆನ್ನೇರುತ್ತಿವೆ. ಚೀಲದ ತೂಕದ ಮಾತು ಎತ್ತದೆ ಬರೀ ಕನ್ನಡಕ ಹಂಚಿದರೆ ಅದು ಚಿಕಿತ್ಸೆಯ ವೇಷ ತೊಟ್ಟ ಮೋಸ.

ನಾವು ಖರ್ಚು ಮಾಡುತ್ತಿರುವುದಾದರೂ ಯಾತಕ್ಕೆ? ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿಗೆ ಮಾರ್ಗಸೂಚಿ ಹೊರಡಿಸಿತು. ಮಾಡಬೇಕಾದ್ದರ ಪಟ್ಟಿಯಲ್ಲಿ ರೋಗಿಗೆ ತಿಳಿವಳಿಕೆ ಕೊಡುವುದು, ವ್ಯಾಯಾಮ, ಮನಶ್ಶಾಸ್ತ್ರೀಯ ಚಿಕಿತ್ಸೆಗಳಿವೆ. ಬೇಡವಾದವುಗಳ ಪಟ್ಟಿಯಲ್ಲಿ ಸೊಂಟದ ಬೆಲ್ಟ್ ಇದೆ, ಸೊಂಟ ಜಗ್ಗಿಸುವ ಟ್ರ್ಯಾಕ್ಷನ್ ಇದೆ, ಓಪಿಯಾಯ್ಡ್ ಮಾತ್ರೆಗಳಿವೆ. ನಮ್ಮ ಯಾವ ಮೆಡಿಕಲ್ ಶಾಪಿಗೆ ಹೋದರೂ ಮೊದಲು ಕಣ್ಣಿಗೆ ಬೀಳುವುದು ಬೆಲ್ಟಿನ ಡಬ್ಬ. ನನ್ನ ಬಳಿ ಬರುವವರೂ ಮೊದಲು ಕೇಳುವುದು "ಕರೆಂಟ್ ಕೊಡಿ, ಜಗ್ಗಿಸಿ" ಎಂದೇ. ಮಾತಾಡಿ, ಬಗ್ಗಿಸಿ, ನಡೆಸಿ ಕಳಿಸಿದರೆ ಚಿಕಿತ್ಸೆಯೇ ಆಗಲಿಲ್ಲ ಎಂಬ ಬೇಸರ ಅವರಿಗೆ.

ಸರ್ಕಾರದ ಲೆಕ್ಕವೂ ಹಾಗೇ ಇದೆ. ಆಯುಷ್ಮಾನ್ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುವುದು ಆಸ್ಪತ್ರೆಗೆ ದಾಖಲಾದರೆ. ಹೊರರೋಗಿಯಾಗಿ ಫಿಸಿಯೋಥೆರಪಿಗೆ ನಡೆದುಬರುವವರು ಕೈಯಿಂದಲೇ ಕೊಡಬೇಕು, ಜೊತೆಗೆ ಅವತ್ತಿನ ಕೂಲಿಯೂ ಹೋಗುತ್ತದೆ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ 2023ರಲ್ಲಿ ಈ ಬಗೆಯ ವಿಆರ್ ಚಿಕಿತ್ಸಾ ಉಪಕರಣಕ್ಕೆ ಪ್ರತ್ಯೇಕ ಬಿಲ್ ಸಂಖ್ಯೆ ಕೊಟ್ಟಿತು. ಮನೆಯಲ್ಲಿ ಕೂತು ಕಲಿಯುವ ಪಾಠವೂ ಚಿಕಿತ್ಸೆಯೇ ಎಂದು ಅಲ್ಲಿ ಕಾಗದದ ಮೇಲಾದರೂ ಒಪ್ಪಿದ್ದಾರೆ. ನಾವು ಕಲಿಯಬೇಕಾದ್ದು ಇದನ್ನು.

ಆ ಯಂತ್ರದಿಂದ ನಾನು ಕದಿಯಬೇಕೆಂದಿರುವ ಇನ್ನೊಂದು ಗುಣವಿದೆ. ಅದು ವೈದ್ಯರ ಚೀಟಿಯ ಮೇಲೆ ಬರುತ್ತದೆ. ನಾಟಿಗೆ ಹೋಗುವ ಹೆಂಗಸಿಗೆ "ದಿನಾ ಸ್ವಲ್ಪ ಹೊತ್ತು ಸುಮ್ಮನೆ ಕೂತು ಉಸಿರು ಗಮನಿಸಮ್ಮ" ಎಂದರೆ ನಗುತ್ತಾಳೆ. ಅತ್ತೆ, ಗಂಡ, ಎಮ್ಮೆ, ಒಲೆಗಳ ನಡುವೆ ಅವಳು ಸುಮ್ಮನೆ ಕೂತರೆ ಸೋಮಾರಿತನ ಎನಿಸಿಕೊಳ್ಳುತ್ತದೆ. ಅದೇ ಮಾತನ್ನು ಚೀಟಿಯಲ್ಲಿ ಬರೆದು, ಹೊತ್ತು ಗುರುತು ಹಾಕಿ ಕೊಟ್ಟಾಗ "ಡಾಕ್ಟ್ರು ಬರ್ದಾರೆ" ಎಂದು ಬಾಗಿಲು ಹಾಕಿಕೊಳ್ಳುವ ಹಕ್ಕು ಅವಳಿಗೆ ಸಿಗುತ್ತದೆ. ಈಗ ನಾನು ಎಲ್ಲರಿಗೂ ಬರೆದೇ ಕೊಡುತ್ತೇನೆ.

ಹಾಗಾದರೆ ಏನಾಗಬೇಕು? ಆರೋಗ್ಯ ಇಲಾಖೆ ಪ್ರದರ್ಶನಕ್ಕೆಂದು ಹೆಡ್‌ಸೆಟ್ ಕೊಳ್ಳುವ ಮೊದಲು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಇರುವಂತೆ ನೋಡಿಕೊಳ್ಳಲಿ. ನೋವಿನ ಪಾಠಗಳನ್ನು ದಾವಣಗೆರೆಯವರಿಗೆ ದಾವಣಗೆರೆಯ, ಕಲಬುರಗಿಯವರಿಗೆ ಕಲಬುರಗಿಯ ಕನ್ನಡದಲ್ಲಿ ಧ್ವನಿಮುದ್ರಿಸಲಿ. ಅಕ್ಷರ ಬಾರದವರೂ ಸಾದಾ ಮೊಬೈಲಿನಲ್ಲಿ ಕೇಳುವಂತಿರಲಿ. ಬೆಂಗಳೂರಿನ ಎಂಜಿನಿಯರುಗಳು ವಿಆರ್ ಮಾಡುವುದಾದರೆ ಮಾಡಲಿ, ಅದರ ಪರೀಕ್ಷೆ ಮಾತ್ರ ನಮ್ಮ ಹಮಾಲರು, ನಾಟಿಯ ಹೆಂಗಸರ ನಡುವೆ, ಕಂಪನಿಯ ಹಣವಿಲ್ಲದೆ ನಡೆಯಲಿ. ಗೆದ್ದರೆ ಮೊದಲು ಸ್ವಾಗತಿಸುವವಳು ನಾನೇ.

ಓದುಗರಿಗೊಂದು ಮಾತು. ಸೊಂಟನೋವಿನ ಜೊತೆ ಮಲಮೂತ್ರದ ಹಿಡಿತ ತಪ್ಪಿದರೆ, ಕಾಲಿನ ಬಲ ಕುಂದಿದರೆ, ಜ್ವರ ಬಂದರೆ, ಬಿದ್ದು ಪೆಟ್ಟಾಗಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಇದಾವುದೂ ಇಲ್ಲದೆ ತಿಂಗಳುಗಟ್ಟಲೆ ಕಾಡುತ್ತಿದ್ದರೆ ಬೆಲ್ಟ್ ಕೊಳ್ಳುವ ಮೊದಲು ನಿಮ್ಮ ವೈದ್ಯರನ್ನು ಕೇಳಿ: ನನಗೆ ಯಾಕೆ ನೋಯುತ್ತಿದೆ, ನಾನು ಏನೇನು ಮಾಡಬಹುದು, ಎಷ್ಟು ಬಗ್ಗಬಹುದು? ಉತ್ತರ ಸಿಗುವವರೆಗೆ ಎದ್ದು ಬರಬೇಡಿ.