ಬಣ್ಣಕ್ಕೊಂದು ಬೆಲೆ

ಯಾದಗಿರಿ, ಶಹಾಪುರ, ಸುರಪುರಗಳ ಪೇಟೆಯಲ್ಲಿ ಯಾವ ಕಿರಾಣಿ ಅಂಗಡಿಯನ್ನು ನೋಡಿದರೂ ಸಾಬೂನು, ಶಾಂಪೂ, ಮುಖಕ್ಕೆ ಹಚ್ಚುವ ಕ್ರೀಮುಗಳ ಪೊಟ್ಟಣಗಳು ತೋರಣ ಕಟ್ಟಿದಂತೆ ತೂಗಾಡುತ್ತಿರುವುದನ್ನು ವಾಚಕರು ಬಲ್ಲರು. ಅವುಗಳಲ್ಲಿ ಹಲವು ಹೆಂಗಸರಿಗೆ, ಹಲವು ಗಂಡಸರಿಗೆ ಎಂದು ಬೇರೆ ಬೇರೆ ಹಣೆಪಟ್ಟಿ ಕಟ್ಟಿಕೊಂಡು ಬಂದಿರುತ್ತವೆ. ಒಂದಕ್ಕೆ ಗುಲಾಬಿ ಬಣ್ಣ, ಇನ್ನೊಂದಕ್ಕೆ ಕಪ್ಪು ಇಲ್ಲವೆ ನೀಲಿ. ಇದೇನು ಅಗ್ರಲೇಖಕ್ಕೆ ತಕ್ಕ ವಿಷಯವೇ ಎಂದು ಕೆಲವರು ಕೇಳಬಹುದು. ಕೂಲಿಯ ದುಡ್ಡನ್ನು ಎಣಿಸಿ ಎಣಿಸಿ ವೆಚ್ಚ ಮಾಡುವ ಸಂಸಾರಗಳು ಬಹಳವಾಗಿರುವ ಈ ಸೀಮೆಯಲ್ಲಿ ಇದು ನ್ಯಾಯದ ಪ್ರಶ್ನೆಯೆಂದೇ ನಮ್ಮ ಉತ್ತರ.

ಸ್ತ್ರೀಪುರುಷರ ಅಲಂಕಾರದಲ್ಲಿ ಭೇದವೇ ಇರಬಾರದೆಂದು ನಾವು ಹೇಳುವುದಿಲ್ಲ. ಕುಂಕುಮ, ಬಳೆಗಳು ಹೆಂಗಸರವು. ಗಡ್ಡಮೀಸೆಯ ಆರೈಕೆ ಗಂಡಸರದು. ಆದರೆ ಶರೀರಶುದ್ಧಿಯ ಮಾತು ಬೇರೆ. ನಮ್ಮ ಮನೆಗಳಲ್ಲಿ ಎರೆದುಕೊಳ್ಳುವ ದಿನ ಒಂದೇ ಬಟ್ಟಲಿನ ಎಣ್ಣೆ, ಒಂದೇ ಸೀಗೆಪುಡಿ, ಒಂದೇ ಕಡಲೆಹಿಟ್ಟು ಹಿರಿಕಿರಿಯರೆಲ್ಲರ ಮೈಗೂ ಸಲ್ಲುತ್ತಿದ್ದವು. ಮದುವೆಯ ಅರಿಷಿಣವನ್ನು ಮದುಮಗಳಿಗೆ ಹಚ್ಚಿದಂತೆ ಮದುಮಗನಿಗೂ ಹಚ್ಚುವ ರೂಢಿ ಇಂದಿಗೂ ನಡೆದಿದೆ. ಮೈ ತೊಳೆಯುವ ವಸ್ತುವಿನಲ್ಲಿಯೂ ಹೆಣ್ಣು ಗಂಡೆಂಬ ವಿಂಗಡಣೆಯನ್ನು ಬೆಳೆಯಿಸಿದ್ದು ಕಾರಖಾನೆಯ ವ್ಯಾಪಾರ.

ಅಮೇರಿಕೆಯ ಜಿಲೆಟ್ ಕಂಪನಿಯು 1915ರಲ್ಲಿಯೇ ಹೆಂಗಸರಿಗೆಂದು ಬೇರೊಂದು ಕ್ಷೌರಸಾಧನವನ್ನು ಪೇಟೆಗೆ ತಂದಿತ್ತು. ಅಲ್ಲಿಂದ ನೂರು ವರ್ಷಗಳ ತರುವಾಯ, 2015ರಲ್ಲಿ, ನ್ಯೂಯಾರ್ಕ್ ನಗರದ ಗ್ರಾಹಕ ವ್ಯವಹಾರಗಳ ಇಲಾಖೆಯು ಎರಡೂ ವರ್ಗದವರಿಗೆಂದು ಮಾರಲ್ಪಡುವ ಸುಮಾರು 800 ಸರಕುಗಳ ಬೆಲೆಗಳನ್ನು ಹೋಲಿಸಿ ನೋಡಿತು. ಹೆಂಗಸರ ಸರಕಿಗೆ ಸರಾಸರಿ ನೂರಕ್ಕೆ 7ರಷ್ಟು, ಶರೀರದ ಆರೈಕೆಯ ಸರಕುಗಳಿಗೆ ನೂರಕ್ಕೆ 13ರಷ್ಟು ಹೆಚ್ಚು ಬೆಲೆ ಇದ್ದುದು ಕಂಡುಬಂದಿತು. ಇದಕ್ಕೆ ಅಲ್ಲಿಯ ಜನ ‘ಗುಲಾಬಿ ತೆರಿಗೆ’ ಎಂದು ಹೆಸರಿಟ್ಟರು. ಇದು ಯಾವ ಸರಕಾರವೂ ವಿಧಿಸಿದ ತೆರಿಗೆಯಲ್ಲ. ವ್ಯಾಪಾರವು ತಾನೇ ವಿಧಿಸಿ ತಾನೇ ವಸೂಲು ಮಾಡುವ ತೆರಿಗೆ. ನ್ಯೂಯಾರ್ಕ್ ರಾಜ್ಯವು 2020ರಲ್ಲಿ, ಕ್ಯಾಲಿಫೋರ್ನಿಯಾ ರಾಜ್ಯವು 2023ರ ಆರಂಭದಿಂದ ಇದನ್ನು ಕಾಯದೆಯಿಂದ ನಿಷೇಧಿಸಿದವು.

ನಮ್ಮ ಸೀಮೆಗೆ ಈ ಮಾತು ಎಷ್ಟು ತಟ್ಟುತ್ತದೆಂಬುದನ್ನು ವಿಚಾರಿಸೋಣ. ಹತ್ತಿ ಬಿಡಿಸುವವರು, ಭತ್ತ ನಾಟಿ ಮಾಡುವವರು, ಗುಳೆ ಹೋಗಿ ಬೆಂಗಳೂರು, ಮುಂಬಯಿಗಳಲ್ಲಿ ಕಲ್ಲುಮಣ್ಣು ಹೊರುವವರು ನಮ್ಮ ತಾಯಂದಿರು, ಅಕ್ಕತಂಗಿಯರು. ಸಮಾನ ವೇತನದ ಕಾಯದೆ 1976ರಲ್ಲಿಯೇ ಬಂದರೂ ಹೊಲದ ಕೆಲಸದಲ್ಲಿ ಹೆಣ್ಣಾಳಿನ ಕೂಲಿ ಗಂಡಾಳಿನ ಕೂಲಿಗಿಂತ ಕಡಿಮೆಯಾಗಿರುವುದು ಸರ್ವಶ್ರುತ. ದುಡಿದಾಗ ಕಡಿಮೆ ಕೊಟ್ಟು, ಕೊಂಡಾಗ ಹೆಚ್ಚು ಕಸಿದುಕೊಳ್ಳುವುದು ಯಾವ ಧರ್ಮ?

ಈ ವ್ಯಾಪಾರವು ಪೊಟ್ಟಣದ ಬಣ್ಣಕ್ಕೆ ನಿಲ್ಲದೆ ಮೈಬಣ್ಣಕ್ಕೂ ಕೈ ಹಾಕಿದೆ. 1975ರಲ್ಲಿ ‘ಫೇರ್ ಅಂಡ್ ಲವ್ಲಿ’ ಎಂಬ ಕ್ರೀಮು ಭಾರತದ ಹೆಂಗಸರ ಮುಂದೆ ಬಂದಿತು. 2005ರಲ್ಲಿ ಇನ್ನೊಂದು ಕಂಪನಿಯು ‘ಫೇರ್ ಅಂಡ್ ಹ್ಯಾಂಡ್‌ಸಮ್’ ಎಂದು ಗಂಡಸರಿಗೂ ಅದೇ ಆಸೆಯನ್ನು ಹಚ್ಚಿತು. ಜನರ ಟೀಕೆ ಬಲವಾದಾಗ, 2020ರಲ್ಲಿ, ಮೊದಲನೆಯದು ಹೆಸರಿನ ‘ಫೇರ್’ ಕಳಚಿ ‘ಗ್ಲೋ’ ತೊಟ್ಟುಕೊಂಡಿತು. ಬಿಸಿಲಿನಲ್ಲಿ ದುಡಿದು ಕಪ್ಪಾದ ಮೈಯನ್ನು ಹೆಣ್ಣಿನಲ್ಲಿ ಕುಂದೆಂದೂ, ಗಂಡಿನಲ್ಲಿ ಅಂಜಿಕೆಯೆಂದೂ ಕಲಿಸುವ ಜಾಹೀರಾತು ಈ ಬಿಸಿಲ ನಾಡಿಗೆ ಮಾಡುವ ಅವಮಾನವು ಹೆಸರು ಬದಲಿಸಿದ ಮಾತ್ರಕ್ಕೆ ತೊಳೆದುಹೋಗದು.

ಸರಕಾರವು ಏನನ್ನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. 2017ರಲ್ಲಿ ಸರಕು ಸೇವಾ ತೆರಿಗೆ ಬಂದಾಗ ಕುಂಕುಮ, ಬಳೆಗಳಿಗೆ ವಿನಾಯತಿ ಕೊಟ್ಟು, ಮುಟ್ಟಿನ ದಿನಗಳ ಪ್ಯಾಡಿಗೆ ಮಾತ್ರ ನೂರಕ್ಕೆ 12ರ ತೆರಿಗೆ ಹಾಕಲಾಗಿತ್ತು. ಹೆಂಗಸರ ಕೂಗಿಗೆ ಮಣಿದು 2018ರ ಜುಲೈಯಲ್ಲಿ ಅದನ್ನು ತೆಗೆದರು. 2025ರ ಸಪ್ಟೆಂಬರದಲ್ಲಿ ಸ್ನಾನದ ಸಾಬೂನು, ಶಾಂಪೂ, ತಲೆಗೆಣ್ಣೆ, ಕ್ಷೌರದ ಕ್ರೀಮುಗಳ ತೆರಿಗೆಯೂ ನೂರಕ್ಕೆ 18ರಿಂದ 5ಕ್ಕೆ ಇಳಿಯಿತು. ಇವು ಸ್ವಾಗತಾರ್ಹ. ಆದರೆ ತೆರಿಗೆ ಇಳಿದರೂ ಒಂದೇ ಬಗೆಯ ಎರಡು ಸರಕುಗಳ ನಡುವಣ ಬೆಲೆಯ ಅಂತರ ಅಳಿಯುವುದಿಲ್ಲ. ಅದಕ್ಕೆ ಬೇರೆ ಕಾಯದೆಯೇ ಬೇಕು.

ಪರಿಮಳ ಬೇರೆ, ಪೆಟ್ಟಿಗೆ ಬೇರೆ, ಆದುದರಿಂದ ಬೆಲೆ ಬೇರೆ ಎಂದು ಕಾರಖಾನೆಯವರು ವಾದಿಸುವರು. ತಯಾರಿಕೆಯ ವೆಚ್ಚ ನಿಜವಾಗಿ ಹೆಚ್ಚಿದ್ದರೆ ಅದನ್ನು ತೋರಿಸಿಕೊಡಲಿ. ಹೆಚ್ಚು ಬೆಲೆಯನ್ನು ಯಾರೂ ಆಕ್ಷೇಪಿಸರು. ತೋರಿಸಲಾರದಿದ್ದರೆ ಅದನ್ನು ಅಕ್ರಮ ವ್ಯಾಪಾರವೆಂದು ಎಣಿಸುವಂತೆ 2019ರ ಗ್ರಾಹಕ ರಕ್ಷಣಾ ಕಾಯದೆಯನ್ನು ತಿದ್ದಬೇಕು. ಈ ಭಾಗದ ಶಾಸಕರೂ ಸಂಸತ್ಸದಸ್ಯರೂ ಈ ಬೇಡಿಕೆಯನ್ನು ಎತ್ತಬೇಕೆಂದು ನಾವು ಒತ್ತಾಯಪಡಿಸುತ್ತೇವೆ.

ಕಾಯದೆ ಬರುವವರೆಗೆ ಜನರು ಕೈಕಟ್ಟಿ ಕೂಡಬೇಕಾಗಿಲ್ಲ. ಗ್ರಾಮಿಗೆ ಇಲ್ಲವೆ ಮಿಲಿಲೀಟರಿಗೆ ಎಷ್ಟು ಬೆಲೆಯೆಂಬುದು ಈಗ ಹೆಚ್ಚಿನ ಪೊಟ್ಟಣಗಳ ಮೇಲೆ ಅಚ್ಚಾಗಿರುತ್ತದೆ. ಅದರೊಡನೆ ಒಳಗಿನ ದ್ರವ್ಯಗಳ ಪಟ್ಟಿಯೂ ಇರುತ್ತದೆ. ಎರಡನ್ನೂ ಓದಿ ಹೋಲಿಸಿ ಕೊಳ್ಳುವುದನ್ನು ಸ್ತ್ರೀಶಕ್ತಿ ಸಂಘಗಳು ತಮ್ಮ ಸಭೆಗಳಲ್ಲಿ ಕಲಿಸಲಿ. ಮೂರೂ ಪಟ್ಟಣಗಳ ಕಾಲೇಜು ವಿದ್ಯಾರ್ಥಿಗಳು ತಮ್ಮ ಊರ ಅಂಗಡಿಗಳ ಬೆಲೆಗಳನ್ನು ಬರೆದಿಟ್ಟು ಪ್ರಕಟಿಸಲಿ. ಮನೆಯ ಗಂಡಸರೂ ಇದು ಹೆಂಗಸರ ಗೊಡವೆಯೆಂದು ದೂರ ಸರಿಯದಿರಲಿ. ಹೆಚ್ಚಾಗಿ ಕೊಟ್ಟ ಹಣ ಹೋಗುವುದು ಒಂದೇ ಸಂಸಾರದ ಗಂಟಿನಿಂದ. ಸರಕಿನ ಗುಣಕ್ಕೆ ಬೆಲೆ ಕೊಡೋಣ, ಬಣ್ಣಕ್ಕೆ ಬೇಡ. ಗಿರಾಕಿಯು ಎಚ್ಚತ್ತ ಪೇಟೆಯಲ್ಲಿ ಮೋಸವು ಬಹುಕಾಲ ಬಾಳಲಾರದು.