ಮೈಮೇಲಿನ ಸಮವಸ್ತ್ರವೇ ಪಠ್ಯವಾಗಲಿ

ಜೂನ್ 5ರ ಪರಿಸರ ದಿನ ಬಂತೆಂದರೆ ಶಾಲೆಗಳಲ್ಲಿ ಸಸಿ ನೆಡುತ್ತಾರೆ, ಘೋಷಣೆ ಕೂಗಿಸುತ್ತಾರೆ, ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಹವಾಮಾನ ಬದಲಾವಣೆಯ ಪಾಠ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು. ಸಾಲಾಗಿ ನಿಂತ ಮಕ್ಕಳಲ್ಲಿ ಬಹುಪಾಲು ತೊಟ್ಟಿರುವುದು ಪಾಲಿಯೆಸ್ಟರ್ ಬೆರೆತ ಸಮವಸ್ತ್ರ, ಅಂದರೆ ಪೆಟ್ರೋಲಿಯಂ ಮೂಲದ ಎಳೆಯಿರುವ ಬಟ್ಟೆ. ಅದರ ಮಾತೇ ಬರುವುದಿಲ್ಲ.

ಇದಕ್ಕೆ ಶಿಕ್ಷಕರನ್ನು ದೂರುವುದು ತಪ್ಪು. 2022ರಲ್ಲಿ ಪಠ್ಯದ ಹೊರೆ ಇಳಿಸುವ ಹೆಸರಿನಲ್ಲಿ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕಗಳಿಂದ ಕೈಬಿಟ್ಟ ಅಧ್ಯಾಯಗಳನ್ನೇ ನೋಡಿ: 6 ಮತ್ತು 7ನೇ ತರಗತಿಯಲ್ಲಿ ಎಳೆ ಬಟ್ಟೆಯಾಗುವ ಬಗೆ, 7ರಲ್ಲೇ ಹವಾಮಾನ ಮತ್ತು ವಾಯುಗುಣ, 8ರಲ್ಲಿ ಕೃತಕ ಎಳೆಗಳು ಮತ್ತು ಪ್ಲಾಸ್ಟಿಕ್. ಬಟ್ಟೆಗೂ ಬಿಸಿಲಿಗೂ ಗಂಟು ಹಾಕಿ ತೋರಿಸಬಹುದಾಗಿದ್ದ ಜಾಗಗಳೇ ಇವು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮಂಡಿಸಿದ ಮೂಲ ಶಿಕ್ಷಣದಲ್ಲಿ ನೂಲುವ ತಕಲಿಯಿಂದಲೇ ಗಣಿತ, ಭೂಗೋಳ ಕಲಿಸುವ ಯೋಚನೆಯಿತ್ತು. ಅಲ್ಲಿಂದ ಇಲ್ಲಿಗೆ ಬಂದಿದ್ದೇವೆ.

ಇನ್ನೊಂದು ತೊಡಕಿದೆ. ಸುಸ್ಥಿರ ಫ್ಯಾಷನ್ ಕುರಿತ ಬೋಧನಾ ಸಾಮಗ್ರಿಯಲ್ಲಿ ಹೆಚ್ಚಿನದು ಶ್ರೀಮಂತ ದೇಶಗಳ ಮಕ್ಕಳಿಗಾಗಿ ತಯಾರಾದದ್ದು. ಕಡಿಮೆ ಕೊಳ್ಳಿ, ಬಿಸಾಡಬೇಡಿ ಎಂಬುದೇ ಅದರ ಸಾರ. ವಾರಕ್ಕೊಂದು ಆನ್‌ಲೈನ್ ಪಾರ್ಸೆಲ್ ಬರುವ ಮನೆಯ ಮಗುವಿಗೆ ಅದು ಬೇಕು, ಧಾರಾಳವಾಗಿ ಹೇಳಲಿ. ಅಣ್ಣನ ಅಂಗಿ ತೊಟ್ಟು ಬಂದ ಹುಡುಗನಿಗೆ ಅದನ್ನೇ ಬೋಧಿಸಿದರೆ ಅವಮಾನ ಮಾಡಿದಂತೆ. ಅವನ ಅಂಗಿ ಹರಿದ ಮೇಲೆ ನೆಲ ಒರೆಸುತ್ತದೆ. ಅಜ್ಜಿಯ ಹಳೆಯ ಸೀರೆ ಕೌದಿಯಾಗುತ್ತದೆ. ಮರುಬಳಕೆಯ ಪಾಠವನ್ನು ಅವನೇ ನಮಗೆ ಮಾಡಬಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಸಮವಸ್ತ್ರದ ಅಂಚಿನಿಂದ ಎಳೆದ ಒಂದು ದಾರದಿಂದ. ಶಿಕ್ಷಕರು ಅದನ್ನು ಚಿಮಟದಲ್ಲಿ ಹಿಡಿದು ಮೇಣದಬತ್ತಿಗೆ ಒಡ್ಡಲಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ಪಾಲಿಯೆಸ್ಟರ್ ಮುದುಡಿ ಕರಗುತ್ತದೆ, ಕೊನೆಗೆ ಗಟ್ಟಿ ಗುಂಡು ಉಳಿಯುತ್ತದೆ. ಹತ್ತೇ ನಿಮಿಷದ ಈ ಪ್ರಯೋಗಕ್ಕೆ ಪ್ರಯೋಗಾಲಯ ಬೇಕಿಲ್ಲ. ಆಮೇಲೆ ಪ್ರಶ್ನೆಗಳು ತಾವಾಗಿ ಬರುತ್ತವೆ. ಪಾಲಿಯೆಸ್ಟರ್ ಕೆಟ್ಟದ್ದು, ಹತ್ತಿ ಒಳ್ಳೆಯದು ಎಂದು ಬರೆಸಿಬಿಟ್ಟರೆ ಮಾತ್ರ ಪಾಠ ಕೆಟ್ಟಿತು. ಮಲೆನಾಡಿನ ಮಳೆಗಾಲದಲ್ಲಿ ಬೇಗ ಒಣಗುವುದು ಯಾವುದು ಎಂದು ಯಾವ ತಾಯಿಯನ್ನಾದರೂ ಕೇಳಿ. ಒಂದು ಟಿ–ಶರ್ಟಿನ ಹತ್ತಿಗೆ 2,700 ಲೀಟರ್ ನೀರು ಎಂಬ ಪ್ರಸಿದ್ಧ ಲೆಕ್ಕವನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಧಾರವಾಡ ಸೀಮೆಯ ಜಯಧರ ಹತ್ತಿ ಮಳೆಯನ್ನೇ ನಂಬಿ ಬೆಳೆಯುವಂಥದ್ದು. ಕಾಲುವೆ ನೀರಿನ ಹತ್ತಿಯನ್ನೂ ಸೇರಿಸಿದ ಸರಾಸರಿ ಲೆಕ್ಕ ಅದಕ್ಕೆ ನೇರವಾಗಿ ಹೊಂದುವುದಿಲ್ಲ.

ಬೆಂಗಳೂರು, ರಾಮನಗರ, ಮಂಡ್ಯ ಸುತ್ತಿನ ಶಾಲೆಗಳಿಗಂತೂ ಸಂಪನ್ಮೂಲ ವ್ಯಕ್ತಿಗಳು ಮನೆಯಲ್ಲೇ ಇದ್ದಾರೆ. ಎಷ್ಟೋ ಮಕ್ಕಳ ಅಮ್ಮಂದಿರು ಬೆಳಿಗ್ಗೆಯೇ ವ್ಯಾನ್ ಹತ್ತಿ ಗಾರ್ಮೆಂಟ್ಸ್‌ಗೆ ಹೋಗುವವರು. ಗಂಟೆಗೆ ಎಷ್ಟು ಕಾಲರ್ ಹೊಲಿಯಬೇಕು, ಆ ಅಂಗಿ ಯಾವ ದೇಶಕ್ಕೆ ಹೋಗುತ್ತದೆ, ಏಪ್ರಿಲ್ ಸೆಕೆಯಲ್ಲಿ ಶೆಡ್ಡಿನೊಳಗೆ ಹೇಗಿರುತ್ತದೆ ಎಂದು ಮಗು ಅಮ್ಮನನ್ನು ಕೇಳಿ ಬರೆದು ತಂದರೆ, ಹವಾಮಾನ ಬದಲಾವಣೆಗೆ ಕಾರಣ ಯಾರು, ಬೇಯುವವರು ಯಾರು ಎಂಬ ಚರ್ಚೆಗೆ ಬೇರೆ ಪಠ್ಯ ಬೇಡ. ಪ್ರೌಢಶಾಲೆಯಲ್ಲಾದರೆ ರಾಷ್ಟ್ರಧ್ವಜವನ್ನೇ ಚರ್ಚೆಗೆ ತರಬಹುದು. ಖಾದಿ ಧ್ವಜಕ್ಕೆ ಹೆಸರಾದದ್ದು ಹುಬ್ಬಳ್ಳಿಯ ಬೆಂಗೇರಿ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಕೊಡಲಾಯಿತು. ಅದರಿಂದ ಅಗ್ಗವಾದದ್ದೇನು, ದುಬಾರಿಯಾದದ್ದೇನು? ಮಕ್ಕಳೇ ವಾದಿಸಲಿ.

ಗಣತಿ, ಆನ್‌ಲೈನ್ ಮಾಹಿತಿ, ಬಿಸಿಯೂಟದ ಲೆಕ್ಕಗಳ ನಡುವೆ ಶಿಕ್ಷಕರಿಗೆ ಹೊಸದೊಂದು ದಿನಾಚರಣೆಯ ಸುತ್ತೋಲೆ ಕಳಿಸಿದರೆ ಇದೂ ಫೋಟೊದಲ್ಲೇ ಮುಗಿಯುತ್ತದೆ. ಶಿಕ್ಷಣ ಇಲಾಖೆ ಎರಡು ಕೆಲಸ ಮಾಡಲಿ. ವಿದ್ಯಾವಿಕಾಸ ಯೋಜನೆಯಲ್ಲಿ ಹಂಚುವ ಸಮವಸ್ತ್ರದ ಬಟ್ಟೆಯ ಜೊತೆ ಅದರಲ್ಲಿ ಹತ್ತಿ ಎಷ್ಟು, ಪಾಲಿಯೆಸ್ಟರ್ ಎಷ್ಟು, ನೇಯ್ದದ್ದು ಎಲ್ಲಿ ಎಂಬ ಚೀಟಿಯನ್ನು ಕನ್ನಡದಲ್ಲಿ ಕೊಡಲಿ. ಶಿಕ್ಷಕರ ತರಬೇತಿಯ ಒಂದು ದಿನವನ್ನು ಸಭಾಂಗಣದ ಬದಲು ಹತ್ತಿರದ ಕೈಮಗ್ಗದ ಕೇಂದ್ರದಲ್ಲೋ ಗಾರ್ಮೆಂಟ್ಸ್‌ನಲ್ಲೋ ನಡೆಸಲಿ.