ಆರನೇ ತರಗತಿಯ ಇಂಗ್ಲಿಷ್ ಯಾರಿಗೆ ಸವಾಲು?

ಸರ್ಕಾರಿ ಶಾಲೆಯ ಇಂಗ್ಲಿಷ್ ಎಂದೊಡನೆ ನಮ್ಮಲ್ಲಿ ಏಳುವುದು ಮಾಧ್ಯಮದ ಜಗಳ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಶುರುವಾದಾಗಲೂ ಪರ–ವಿರೋಧದ ಮಾತೆಲ್ಲ ಅಲ್ಲೇ ಸುತ್ತಿತು. ಕನ್ನಡ ಮಾಧ್ಯಮದಲ್ಲಿ ಓದುವ ಲಕ್ಷಾಂತರ ಮಕ್ಕಳು ಆರರಿಂದ ಎಂಟನೇ ತರಗತಿಯವರೆಗೆ ಒಂದು ಭಾಷೆಯಾಗಿ ಕಲಿಯುವ ಇಂಗ್ಲಿಷ್ ಹೇಗಿದೆ ಎಂದು ಕೇಳಿದವರು ಕಡಿಮೆ. ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ; ಆರಕ್ಕೆ ಕಾಲಿಡುವ ಮಗುವಿನ ಹಿಂದೆ ಐದು ವರ್ಷಗಳ ಪಾಠವಿರುತ್ತದೆ. ಅಲ್ಲಿಂದ ಮುಂದಿನ ಪಾಠ ಹಿಂದುಳಿದ ಮಗುವಿಗೂ ತಕ್ಕುದಲ್ಲ, ಮುಂದಿರುವ ಮಗುವಿಗೂ ಸಾಲದು ಎಂಬುದೇ ನನ್ನ ತಕರಾರು.

ಗ್ರಾಮೀಣ ಭಾರತದ ಎಂಟನೇ ತರಗತಿಯ ಮಕ್ಕಳಲ್ಲಿ ಇಂಗ್ಲಿಷಿನ ಸರಳ ವಾಕ್ಯ ಓದಬಲ್ಲವರು ಶೇ 46.7 ಮಾತ್ರ ಎಂದು ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯ 2022ರ ವರದಿ ಹೇಳಿತು. 2016ರಲ್ಲೂ ಸ್ಥಿತಿ ಹೆಚ್ಚುಕಡಿಮೆ ಇದೇ. ಓದಬಲ್ಲವರು, ಓದಲಾರದವರು ಅರ್ಧಕ್ಕರ್ಧ ಒಂದೇ ಬೆಂಚಿನಲ್ಲಿದ್ದಾರೆ. ಇಬ್ಬರ ಮುಂದೆಯೂ ಒಂದೇ ಪುಟ. ಶಿಕ್ಷಕರು ಸಾಲು ಸಾಲಾಗಿ ಕನ್ನಡದಲ್ಲಿ ಅರ್ಥ ಹೇಳುತ್ತಾರೆ, ಪ್ರಶ್ನೋತ್ತರವನ್ನು ಬೋರ್ಡಿನ ಮೇಲೆ ಬರೆಯುತ್ತಾರೆ, ಮಕ್ಕಳು ನಕಲು ಮಾಡಿ ಉರು ಹೊಡೆಯುತ್ತಾರೆ. ಓದು ಬಾರದ ಮಗು ಅಕ್ಷರದ ಆಕಾರ ಇಳಿಸಿಕೊಳ್ಳುತ್ತದೆ. ಓದು ಬಲ್ಲ ಮಗುವಿಗೆ ಮೊದಲು ಕಂಡಿರದ ಗದ್ಯ ಸಿಗುವುದಿಲ್ಲ, ಸ್ವಂತ ವಾಕ್ಯ ಕಟ್ಟುವ ಪ್ರಸಂಗವೇ ಬರುವುದಿಲ್ಲ. ಪುಸ್ತಕ ಕಷ್ಟವೋ ಸುಲಭವೋ ಎಂಬ ಚರ್ಚೆ ಇಲ್ಲಿ ದಾರಿ ತಪ್ಪಿಸುತ್ತದೆ. ಉತ್ತರ ಬಾಯಿಪಾಠವಾಗಿದ್ದರೆ ಸಾಕು ಎನ್ನುವ ಪರೀಕ್ಷೆ ಎಂಥ ಪುಸ್ತಕವನ್ನೂ ನಿಸ್ಸಾರಗೊಳಿಸುತ್ತದೆ.

ಇದಕ್ಕೆ ಪರಿಹಾರ ಪ್ರತಿ ಮಗುವಿನ ಮಟ್ಟಕ್ಕೆ ತಕ್ಕಂತೆ ಕಲಿಸುವುದು. ಹಾಗೆ ಮಟ್ಟ ನೋಡಿ ಕಲಿಸಿದರೆ ‘ದಡ್ಡರ ಗುಂಪು’ ಎಂಬ ಹಣೆಪಟ್ಟಿ ಬೀಳುತ್ತದೆ ಎಂಬ ಆಕ್ಷೇಪ ಗಂಭೀರವಾದದ್ದೇ. ಶಾಶ್ವತ ಸೆಕ್ಷನ್‌ಗಳನ್ನು ಮಾಡಿದರೆ ಅದು ನಿಜವೂ ಆಗುತ್ತದೆ. ಆದರೆ ದಿನಕ್ಕೊಂದು ಪೀರಿಯಡ್ ಮಾತ್ರ ಓದಿನ ಮಟ್ಟಕ್ಕೆ ತಕ್ಕಂತೆ ಕೂರಿಸಿ, ಮಗು ಕಲಿತಂತೆ ಗುಂಪು ಬದಲಿಸುವುದು ಬೇರೆಯೇ ಕ್ರಮ. ‘ಪ್ರಥಮ್’ ಸಂಸ್ಥೆಯ ಈ ವಿಧಾನವನ್ನು 2019ರ ನೊಬೆಲ್ ಪುರಸ್ಕೃತರಾದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಭಾರತದ ಶಾಲೆಗಳಲ್ಲೇ ಪರೀಕ್ಷಿಸಿ ಫಲ ಕಂಡಿದ್ದಾರೆ. ಅಷ್ಟು ದೂರವೇಕೆ? 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ–ಕಲಿಯ ಮೂಲತತ್ವವೇ ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲೇರುವುದು. ಆ ತತ್ವವನ್ನು ನಾವು ಮೂರನೇ ತರಗತಿಗೇ ನಿಲ್ಲಿಸಿದೆವು. ಮುಂದಿನ ತರಗತಿಗಳಿಗೆ ಉಳಿದದ್ದು ಹಿಂದಿನ ಕಲಿಕೆಯನ್ನು ಸರಿದೂಗಿಸುವ ಜೂನ್ ತಿಂಗಳ ‘ಸೇತುಬಂಧ’. ಅದು ಮುಗಿದೊಡನೆ ಸಿಲಬಸ್ ಮುಗಿಸುವ ಓಟ.

ಇಂಗ್ಲಿಷಿಗೆ ಒತ್ತು ಕೊಟ್ಟರೆ ಕನ್ನಡ ಸೊರಗುತ್ತದೆ ಎನ್ನುವವರಿಗೆ ಒಂದು ಮಾತು: ಇಲ್ಲಿ ಕೇಳುತ್ತಿರುವುದು ಹೆಚ್ಚಿನ ಪೀರಿಯಡ್ ಅಲ್ಲ, ಇರುವ ಪೀರಿಯಡ್‌ನ ಸದ್ಬಳಕೆ. ಕನ್ನಡದಲ್ಲಿ ಚರ್ಚಿಸಿ ಇಂಗ್ಲಿಷಿನಲ್ಲಿ ನಾಲ್ಕು ಸ್ವಂತ ವಾಕ್ಯ ಬರೆಯುವ ಮಗುವಿಗೆ ಎರಡೂ ಭಾಷೆ ಬಲಿಯುತ್ತವೆ. ಶಿಕ್ಷಕರ ಕೊರತೆ ನಿಜ, ಅದನ್ನು ತುಂಬಲು ವರ್ಷಗಳೇ ಬೇಕು. ಪ್ರಶ್ನೆಪತ್ರಿಕೆ ಬದಲಿಸಲು ಅಷ್ಟು ಕಾಯಬೇಕಿಲ್ಲ. ಅರ್ಧದಷ್ಟು ಅಂಕವನ್ನಾದರೂ ಪಾಠದಲ್ಲಿಲ್ಲದ ಗದ್ಯಕ್ಕೆ, ಸ್ವಂತ ಬರವಣಿಗೆಗೆ ಮೀಸಲಿಡಲಿ. ಪ್ರಶ್ನೆಗಳು ಎರಡು ಮಟ್ಟದಲ್ಲಿರಲಿ. ಪಠ್ಯಪುಸ್ತಕದ ಮತ್ತೊಂದು ಪರಿಷ್ಕರಣೆಗೆ ಸಮಿತಿ ರಚಿಸುವ ಮೊದಲು ಶಿಕ್ಷಣ ಇಲಾಖೆ ಮಾಡಬೇಕಾದ ಕೆಲಸ ಇದು.